ಜಯಮ್ಮನ ಕಾಲಿಗೆ ಮೂರು ಕೊಟೇಶನ್

ಕಳೆದ ವಾರ ನಾನು ಒಂದು ಕಾಲಿಗೆ ಮೂರು ಕೊಟೇಶನ್ ಹಿಡಿದು ಕೂತಿದ್ದೆ. ಮೇಜಿನ ಕಾಲಲ್ಲ ಸ್ವಾಮಿ, ಟೈಲರ್ ಜಯಮ್ಮನ ಎಡಗಾಲು.

ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಜಯಮ್ಮ ಹೊಲಿದ ಬ್ಲೌಸ್ ತೊಡದ ಹೆಂಗಸರಿಲ್ಲ. (ನನ್ನ ಹೆಂಡತಿ ಅಳತೆ ಕೊಡುವುದನ್ನೇ ಬಿಟ್ಟಿದ್ದಾಳೆ, ಅವರಿಗೆ ಬಾಯಿಪಾಠ.) ನಾಲ್ಕು ತಿಂಗಳ ಹಿಂದೆ ಕುವೆಂಪುನಗರದಲ್ಲಿ ಸ್ಕೂಟರ್ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಆಪರೇಶನ್ ಮಾಡಿ ರಾಡ್ ಹಾಕಿದರು. ಮೂಳೆ ಕೂಡಲಿಲ್ಲ, ಒಳಗೆ ಕೀವು ತುಂಬಿತು.

ಗಂಡ ಬಸವರಾಜು ಎಕ್ಸ್‌ರೇ ಕವರ್ ಹಿಡಿದು ಮನೆಗೆ ಬಂದರು. "ಮೂರು ದಾರಿ ಹೇಳವ್ರೆ ಸಾರ್. ಯಾವ್ದು ಅಂತ ಗೊತ್ತಾಯ್ತಿಲ್ಲ. ನೀವು ಲೆಕ್ಕದಲ್ಲಿ ಪಳಗಿದೋರು, ಒಸಿ ನೋಡ್ಬುಡಿ."

ಪಳಗಿದವನೇ. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಟೆಂಡರ್ ಸೆಕ್ಷನ್ನಿನಲ್ಲಿ ಕೂತವನು. ಮೂರು ಕೊಟೇಶನ್ ಬಂದರೆ ಕಡಿಮೆಯದಕ್ಕೆ ಕೆಂಪು ಸುತ್ತು ಹಾಕುವುದೇ ನನ್ನ ಕೆಲಸವಾಗಿತ್ತು.

ಕುತೂಹಲ ತಡೆಯದೆ ನಾನೂ ಅವರ ಜೊತೆ ಡಾಕ್ಟರ ಹತ್ತಿರ ಹೋದೆ. ಮೊದಲ ದಾರಿಯೆಂದರೆ, ರಾಡ್ ತೆಗೆದು, ಕೆಟ್ಟ ಮೂಳೆ ಕೆರೆದು, ಔಷಧಿ ಬೆರೆಸಿದ ಸಿಮೆಂಟ್ ತುಂಬುವುದು. (ಹೌದು, ಸಿಮೆಂಟೇ. ಗಾರೆ ಕೆಲಸದ್ದಲ್ಲ ಅಷ್ಟೆ.) ಎರಡು ತಿಂಗಳ ಮೇಲೆ ಅದನ್ನು ತೆಗೆದು ಸೊಂಟದ ಮೂಳೆ ತುಂಬಲು ಇನ್ನೊಂದು ಆಪರೇಶನ್. ಎರಡನೆಯದು ಕಾಲಿನ ಸುತ್ತ ಲೋಹದ ರಿಂಗು ಕಟ್ಟಿ ಹೊಸ ಮೂಳೆ ಬೆಳೆಸುವುದು. ದಿನಕ್ಕೆ ಒಂದು ಮಿಲಿಮೀಟರ್! ನಟ್ಟು ತಿರುಗಿಸುವವರು ಯಾರು? ಜಯಮ್ಮನೇ, ಮನೆಯಲ್ಲೇ, ಸ್ಪ್ಯಾನರ್ ಹಿಡಿದು. ಮೂಳೆಯನ್ನು ಹೀಗೂ ಬೆಳೆಸಬಹುದೆಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ ನೋಡಿ.

ಮೂರನೆಯದನ್ನು ಡಾಕ್ಟರು ದನಿ ತಗ್ಗಿಸಿ ಹೇಳಿದರು. ಮೊಣಕಾಲ ಕೆಳಗೆ ಕತ್ತರಿಸಿ ಕೃತಕ ಕಾಲು. "ಇದು ಕಡೇ ದಾರಿ. ಆದ್ರೂ ಹೇಳ್ಬೇಕಾದ್ದು ನನ್ನ ಧರ್ಮ."

ಸಂಜೆ ಜಯಮ್ಮನ ಮನೆಯಲ್ಲಿ, ಅವರ ಎದುರಿಗೇ ಹಾಳೆಯ ಮೇಲೆ ಮೂರು ಕಾಲಂ ಎಳೆದೆ. ಆಸ್ಪತ್ರೆಯವರು ಬರೆದುಕೊಟ್ಟ ದರದಂತೆ ಥಿಯೇಟರ್, ರೂಮು, ರಿಂಗು, ಔಷಧಿ ಎಲ್ಲ ಕೂಡಿದೆ. ಮೊದಲೆರಡು ಹತ್ತಿರ ಹತ್ತಿರ ಬಂದವು. ಮೂರನೆಯದು ಅರ್ಧಕ್ಕಿಂತ ಕಡಿಮೆ. ರೂಢಿಯ ಕೈ, ಕೆಂಪು ಪೆನ್ನಿನಿಂದ ಅದಕ್ಕೊಂದು ಸುತ್ತು ಹಾಕಿಬಿಟ್ಟಿತು.

ಕಾಲು ಕತ್ತರಿಸುವುದಕ್ಕೆ ನಾನು ಮಂಜೂರಾತಿ ಕೊಟ್ಟಿದ್ದೆ.

ಜಯಮ್ಮ ಆ ಸುತ್ತನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ. ಗಡಿಬಿಡಿಯಲ್ಲಿ ಡಾಕ್ಟರಿಗೆ ಫೋನ್ ಮಾಡಿ, ಮೂರನೆಯದು ಇಷ್ಟು ಅಗ್ಗ ಹೇಗೆಂದು ಕೇಳಿದೆ.

"ಇವತ್ತಿಗೆ ಮಾತ್ರ ಅಗ್ಗ ಕಣ್ರೀ. ಕೃತಕ ಕಾಲು ಸವೆಯುತ್ತೆ. ಕೆಲವು ವರ್ಷಕ್ಕೊಂದ್ಸಲ ಹೊಸದು ಬೇಕು, ನಡುವೆ ರಿಪೇರಿ ಬೇರೆ. ಆಕೆಗಿನ್ನೂ ನಲವತ್ತು. ಜೀವಮಾನದ ಲೆಕ್ಕ ಹಾಕಿ."

ಹಾಕಿದೆ. ಮೂರನೆಯದೇ ಎಲ್ಲಕ್ಕಿಂತ ದುಬಾರಿ! ಹೊಲಿಗೆ ನಿಲ್ಲುವ ತಿಂಗಳುಗಳನ್ನೂ ಸೇರಿಸಿದೆ. ರಿಂಗು ಹಾಕಿದರೆ ಬೇಗ ಕಾಲೂರಬಹುದಂತೆ. ಹಳೆಯ ಸುತ್ತು ಹೊಡೆದುಹಾಕಿ ಎರಡನೆಯದಕ್ಕೆ ಸುತ್ತು ಹಾಕಿದೆ. ಎದೆಯ ಭಾರ ಇಳಿಯಿತು.

"ನೋಡಿ ಜಯಮ್ಮ, ಲೆಕ್ಕದಲ್ಲೂ ನಿಮ್ಮ ಕಾಲೇ ಗೆಲ್ತು" ಎಂದೆ, ಹೆಮ್ಮೆಯಿಂದ.

ಜಯಮ್ಮ ನಗಲಿಲ್ಲ. ಹಾಳೆಯನ್ನು ನನ್ನ ಕಡೆಗೇ ಸರಿಸಿ ಕೇಳಿದರು:

"ಸೋತಿದ್ರೆ ಏನ್ ಮಾಡ್ತಿದ್ರಿ ಸಾರ್?"