ಕಾಮ್ ಎಂಬ ಕಾವು

ನನ್ನ ಮೇಜಿನ ಮೇಲೆ ದಪ್ಪನೆಯ ಇಂಗ್ಲಿಷ್ ನಿಘಂಟೊಂದಿದೆ. ಅದರ ಕೆಳಗೆ, ನೋಡಿದವರು ಹುಬ್ಬೇರಿಸುವ ಹಾಗೆ, ಮಾಸಿದ ಬಟ್ಟೆಯ ಸಿಂಬಿಯೊಂದಿದೆ. ನಿಘಂಟು ನನ್ನ ಮೊದಲ ಸಂಬಳದ್ದು, ಸಿಂಬಿ ನಮ್ಮಪ್ಪನದು. ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊತ್ತ ತಲೆಗೂ ಆ ಮೂಟೆಗೂ ನಡುವೆ ಮೆತ್ತಗಿದ್ದದ್ದು ಅದೊಂದೇ. ನಮ್ಮ ವಂಶದಲ್ಲಿ ಬಿ.ಎ. ಎಂಬ ಎರಡಕ್ಷರವನ್ನು ಹೆಸರಿನ ಕೊನೆಗೆ ಬರೆದುಕೊಂಡವನು ನಾನೇ ಮೊದಲಿಗ. ಹಾಗೆನ್ನಲು ನನಗೆ ಸಂಕೋಚವಿಲ್ಲ, ಆ ಅಕ್ಷರಗಳು ಯಾರ ತಲೆಯ ಮೇಲೆ ಕೂತು ಬಂದವೆಂದು ಬಲ್ಲೆನಾದ್ದರಿಂದ.

ಮನಸ್ಸಿನ ಪ್ರಶಾಂತತೆಗೆ ಇಂಗ್ಲಿಷರು ‘ಕಾಮ್’ ಎನ್ನುತ್ತಾರೆ. ಬರೆಯುವಾಗ ನಡುವೆ ಒಂದು ಲಕಾರ ಉಂಟು. ಓದುವಾಗ ಅದು ಬಾಯಿ ಬಿಡುವುದಿಲ್ಲ. ಶಾಂತಿಯನ್ನು ಹೇಳುವ ಮಾತಿನಲ್ಲಿ ಒಂದಕ್ಷರವಾದರೂ ಸುಮ್ಮನಿರುವುದು ನ್ಯಾಯವೇ. ಆದರೆ ಚಾಮರಾಜಪೇಟೆಯ ನಮ್ಮ ಪುಟ್ಟ ಮನೆಯಲ್ಲಿ ಒಂದು ಬೆಳಗ್ಗೆ ನಾನದನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಾಗ, ಅಮ್ಮ ಒಲೆಯ ಮುಂದಿನಿಂದಲೇ ಕೂಗಿದಳು: “ಕೇಳಿಸ್ತಾ ನಿಮ್ಗೆ? ಎದ್ದಾಗಿಂದ ಕಾಮ ಕಾಮ ಅಂತವ್ನೆ. ಓದ್ಸಿದ್ದು ಸಾಕು, ಒಂದು ಹೆಣ್ಣು ನೋಡಿ!”

ಅಪ್ಪ ಸಿಂಬಿ ಸುತ್ತುತ್ತ, “ಓದ್ಲಿ ಬಿಡೆ, ಇಂಗ್ಲಿಷ್ನಲ್ಲೂ ಅದೆಲ್ಲ ಇರ್ತದೆ” ಎಂದ.

ಆ ವರ್ಷ ಇಂಗ್ಲಿಷಿನಲ್ಲೇ ನಾನು ನಪಾಸಾದೆ. ಇನ್ನು ಓದಲಾರೆ, ನಾಳೆಯಿಂದ ನಾನೂ ಮೂಟೆ ಹೊರುತ್ತೇನೆ ಎಂದು ಹೇಳಲು ನಡುಮಧ್ಯಾಹ್ನ ಅಕ್ಕಿಪೇಟೆಗೆ ಹೋದೆ. ಬೆಳಗಿನಿಂದ ಗಾಡಿಯವರ ಕೂಗು, ಎತ್ತಿನ ಗಂಟೆ, ಬೈಗುಳಗಳಲ್ಲಿ ಕುದಿಯುತ್ತಿದ್ದ ಬೀದಿ ಆ ಸುಡುವ ಗಳಿಗೆಯಲ್ಲಿ, ಯಾರೋ ಕೈಯೆತ್ತಿ ತಡೆದಂತೆ ನಿಂತುಬಿಟ್ಟಿತ್ತು. ನೊಗ ಕಳಚಿದ ಎತ್ತುಗಳು ಮೆಲುಕು ಹಾಕುತ್ತಿದ್ದವು. ಗಾಡಿಯೊಂದರ ಅಡಿಯ ನೆರಳಿನಲ್ಲಿ ಅಪ್ಪ ಮಲಗಿದ್ದ. ತಲೆಯ ಕೆಳಗೆ ಅದೇ ಸಿಂಬಿ. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಯೇ ಕೇಳಿ, “ಉಂಡ್ಯಾ?” ಎಂದ.

ಇಲ್ಲವೆಂದೆ.

“ಇಂಥ ಬಿಸಿಲಲ್ಲಿ ಮೂಟೇನೂ ಎತ್ಬಾರ್ದು, ಮಾತೂ ಎತ್ಬಾರ್ದು. ಬಾ, ಬಿದ್ಕೊ. ಹೊತ್ತು ಇಳೀಲಿ.”

ಸಿಂಬಿಯನ್ನು ಬಿಚ್ಚಿ ಇಬ್ಬರ ತಲೆಗೂ ಆಗುವಷ್ಟು ಉದ್ದಕ್ಕೆ ಹಾಸಿದ. ಹೊತ್ತು ಇಳಿದ ಮೇಲೆ ಎದ್ದು, ಬಟ್ಟೆ ಕೊಡವಿ ಮತ್ತೆ ಸುತ್ತುತ್ತ, “ನನ್ ಮೂಟೆ ನಾನು ಹೊರ್ತೀನಿ. ನಿಂದು ನೀನು ಇನ್ನೊಂದ್ಸಲ ಎತ್ತು” ಎಂದು ಹೊರಟೇಹೋದ.

ಮರುವರ್ಷ ಪಾಸಾದೆ, ಮೇಷ್ಟ್ರಾದೆ, ನಿಘಂಟು ಕೊಂಡೆ. ಮೊದಲು ಹುಡುಕಿದ್ದು ಆ ಮಾತನ್ನೇ. ಓದುಗ ಮಿತ್ರನೇ, ಅದನ್ನೋದಿ ನನ್ನ ಮೈ ಜುಮ್ಮೆಂದಿತು. ‘ಕಾಮ್’ ಎಂಬುದರ ಬೇರು ಗ್ರೀಕರ ‘ಕೌಮ’. ಅದರ ಅರ್ಥ ಸುಡುವ ಬಿಸಿಲು! ನಡುಹಗಲ ಉರಿಯಲ್ಲಿ ಆಳೂ ದನವೂ ಕೆಲಸ ನಿಲ್ಲಿಸಿ ನೆರಳು ಸೇರುವ ಆ ಹೊತ್ತೇ, ಬಾಯಿಂದ ಬಾಯಿಗೆ ದಾಟುತ್ತ, ಕಡಲುಗಳನ್ನು ದಾಟುತ್ತ, ಶಾಂತಿಯಾಯಿತಂತೆ. ಗ್ರೀಕರ ನಾಡನ್ನು ನಾನು ಕಂಡವನಲ್ಲ. ಆದರೆ ಆ ಮಾತು ಹುಟ್ಟಿದ ಗಳಿಗೆಯನ್ನು ಗಾಡಿಯ ಅಡಿಯಲ್ಲಿ ಮಲಗಿ ಕಂಡಿದ್ದೆ. ಕೌಮಕ್ಕೂ ನಮ್ಮ ಕಾವಿಗೂ ನಂಟಿದೆಯೆಂದರೆ ಪಂಡಿತರು ನಕ್ಕಾರು. ನಗಲಿ. ಬಿಸಿಲಿಗೆ ಕಾಯುವುದು, ಹೊತ್ತು ಇಳಿಯಲೆಂದು ಕಾಯುವುದು, ಮಗನನ್ನು ಕಾಯುವುದು, ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಮಾತು. ಅಪ್ಪ ಎಲ್ಲವನ್ನೂ ಒಂದೇ ಮಧ್ಯಾಹ್ನ ಮಾಡಿ ಮುಗಿಸಿದ್ದ.

ಅಂದೇ ಮನೆಗೆ ಓಡಿಹೋಗಿ ಇಬ್ಬರಿಗೂ ಹೇಳಿದೆ. “ಹಂಗಾದ್ರೆ ಆ ದೇಶದಲ್ಲೂ ಮೂಟೆ ಹೊರೋರು ಇದ್ರು ಅನ್ನು” ಎಂದ ಅಪ್ಪ.

“ಕಾಮ ಅಂದ್ರೆ ಬಿಸಿಲಾ? ನಾನು ಸುಮ್ನೆ ಹೆಣ್ಣು ಹುಡುಕ್ಸಿದ್ನಲ್ಲ!” ಎಂದಳು ಅಮ್ಮ.

ಅಪ್ಪ ಈಗಿಲ್ಲ. ಅವನ ಕೈ ಸುತ್ತಿದ್ದೆಂದು ಆ ಸಿಂಬಿಯನ್ನು ಇಷ್ಟು ದಿನ ಬಿಚ್ಚಿರಲಿಲ್ಲ. ಈ ಬೇಸಿಗೆಯ ಒಂದು ಮಧ್ಯಾಹ್ನ, ಬೀದಿಯೆಲ್ಲ ಕಾದು ಮೌನವಾಗಿದ್ದಾಗ, ನಿಘಂಟನ್ನು ಪಕ್ಕಕ್ಕಿಟ್ಟು ಅದನ್ನು ಮೆಲ್ಲಗೆ ಬಿಚ್ಚಿ ನೆಲಕ್ಕೆ ಹಾಸಿ ತಲೆಯಿಟ್ಟೆ. ಈಗಲೂ ಇಬ್ಬರಿಗಾಗುವಷ್ಟು ಉದ್ದವಿದೆ.