ಮೊಣಕೈ ಅದ್ದಿ ನೀರು ನೋಡುವ ಹುಲಿಗವ್ವ

ಬೆಳಕು ಹರಿಯುವ ಮೊದಲೇ ಹುಲಿಗವ್ವ ದವಾಖಾನೆಯ ಹಿತ್ತಲಲ್ಲಿ ಒಲೆ ಹೊತ್ತಿಸಿದ್ದಾಳೆ. ಹಂಡೆಯಲ್ಲಿ ನಿನ್ನೆಯ ಪಟ್ಟಿಗಳು ಕುದಿಯುತ್ತಿವೆ. ಹುಣ್ಣು ತೊಳೆಯಲು ಬೇರೆ ಕಾಸಿದ ನೀರನ್ನು ಬೋಗುಣಿಗೆ ಬಗ್ಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡುತ್ತಾಳೆ.

"ಕುಷ್ಠದವರ ಕೈಗೆ ಬಿಸಿ ತಿಳಿಯಂಗಿಲ್ರಿ. ಸುಟ್ರೂ ಮಾತಾಡಿಕೋತ ಕುಂತಿರ್ತಾರ. ಅವರ ಪಾಲಿಂದು ನಾನ ನೋಡಬೇಕು."

ಗಂಗಾವತಿ ಸೀಮೆಯ ಈ ಸಣ್ಣ ದವಾಖಾನೆಗೆ ಆಕೆ ಸೇರಿದ್ದು ಕಸ ಗುಡಿಸಲು. ಪಟ್ಟಿ ಕಟ್ಟುವವನು ಕುಷ್ಠರೋಗಿಗಳನ್ನು ಮುಟ್ಟಲು ಹೆದರಿ ಬಿಟ್ಟುಹೋದ. ಅವನ ಜಾಗದಲ್ಲಿ ಈಕೆ ಕೂತು ಹನ್ನೆರಡು ವರ್ಷ. ದಿನಕ್ಕೆ ಮೂವತ್ತು ಪಟ್ಟಿ, ಸಂತೆಯ ದಿನ ನಲವತ್ತು. ನೀರಿಗೆ ಹೋದರೆ ಬಾವಿಕಟ್ಟೆಯ ಹೆಂಗಸರು ಸರಿದು ನಿಲ್ಲುತ್ತಾರೆ. "ಛಲೋ ಆತು, ಪಾಳಿ ಕಾಯೋದು ತಪ್ತು," ಎನ್ನುತ್ತಾಳೆ.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಹುಲಿಹೈದರದ ಗ್ಯಾನಪ್ಪ ಬಂದ. ಎತ್ತಿನ ಕಣ್ಣಿ ಗಂಟು ಹಾಕಲು ಆಗದೆ, ಕುಡುಗೋಲು ಹಿಡಿಯಲು ಆಗದೆ ಕೂತವನು. ಅಂಗೈಯ ಮಾಂಸ ಕರಗಿ ಬೆರಳು ಮಡಚಿದ್ದವು. ಊರವರು ಕುಷ್ಠ ಎಂದರು, ಹೊಲದ ಗುಡಿಸಲಿಗೆ ಕಳಿಸಿದರು. ಹೆಂಡತಿ ಪಕ್ಕೀರವ್ವ ಕಲ್ಲಿನ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದಳು. ಇಲ್ಲಿಯೂ ಡಾಕ್ಟರು ಬೆರಳು ನೋಡಿದವರೇ ಕುಷ್ಠದವರ ಸಾಲಿಗೆ ಕೂರಿಸಿದರು.

ಅವತ್ತು ಸಂತೆ. ಗದ್ದಲದಲ್ಲಿ ಹುಲಿಗವ್ವ ಮೊಣಕೈ ಅದ್ದುವುದನ್ನು ಮರೆತು ಅವನ ಕೈಮೇಲೆ ನೀರು ಹೊಯ್ದಳು. ಗ್ಯಾನಪ್ಪ ಚೀರಿದ.

"ನಾನೇನ್ ಕೋಳಿ ಏನ್ ಬೇ, ಪುಕ್ಕ ಕೀಳಾಕ ಕುದಿಯೋ ನೀರು ಹಾಕ್ತೀ?"

"ತಪ್ಪಾತು ಯಣ್ಣ," ಎಂದವಳು ಹಾಗೇ ನಿಂತಳು. "ಸುಡ್ತೇನು?"

"ಸುಡ್ದ ತಂಪಾಗ್ತೈತೇನು!"

ಆಕೆ ಡಾಕ್ಟರರ ಬಾಗಿಲಿಗೆ ಓಡಿದಳು. "ಸಾಹೇಬ್ರ, ಇಂವ ನಮ್ಮ ಸಾಲಿನಾಂವ ಅಲ್ರಿ. ಇವಂಗ ಬಿಸಿ ಗೊತ್ತಾಗ್ತೈತಿ."

ಡಾಕ್ಟರು ಗ್ಯಾನಪ್ಪನ ಕಣ್ಣು ಮುಚ್ಚಿಸಿ ಬೆರಳು ಬೆರಳಿಗೂ ಕೋಳಿಪುಕ್ಕ ಸವರಿದರು, ಸೂಜಿ ಚುಚ್ಚಿದರು. ಎಲ್ಲ ತಿಳಿಯಿತು. ಮಾಂಸವನ್ನು ಆಡಿಸುವ ನರಗಳು ಸಾಯುವ ರೋಗ ಇದು, ಅಂಟುವುದಿಲ್ಲ, ಮದ್ದಿಲ್ಲ ಎಂದರು. ಪಕ್ಕೀರವ್ವ ನಡುವಿನ ಮಾತನ್ನಷ್ಟೇ ಹಿಡಿದಳು. "ಅಂಟಂಗಿಲ್ಲೇನ್ರಿ? ಇನ್ನೊಮ್ಮೆ ಹೇಳ್ರಿ." ಡಾಕ್ಟರು ಮೂರು ಸಲ ಹೇಳಿದರು. ಇವನನ್ನು ಮನೆಯಿಂದ ಹೊರಗಿಡಬೇಡಿ ಎಂದು ಊರ ಗೌಡರಿಗೆ ಚೀಟಿಯನ್ನೂ ಬರೆದುಕೊಟ್ಟರು.

ರೋಗ ನಿಂತಿಲ್ಲ. ಈಗ ಕಾಲೂ ಸೋತಿವೆ, ನಾಲಿಗೆ ತೊದಲುತ್ತದೆ. ಕಾಯಿಲೆಯವನೆಂದು ಮನೆಯಲ್ಲಿ ತೆಳುಗಂಜಿ ಕುಡಿಸುತ್ತಿದ್ದರು, ಪ್ರತಿ ಗುಟುಕಿಗೂ ಕೆಮ್ಮು. ಹುಲಿಗವ್ವ ಇಲ್ಲೇ ಅಂಬಲಿ ಕಾಸಿ ತೆಳುವು, ಗಟ್ಟಿ ಎರಡನ್ನೂ ಉಣ್ಣಿಸಿ ನೋಡಿದಳು. ಗಟ್ಟಿಯದು, ಗದ್ದ ತಗ್ಗಿಸಿ ಕೊಟ್ಟರೆ, ಸಲೀಸಾಗಿ ಇಳಿಯಿತು. ಇದೇ ರೋಗದ ಮೂವರ ವಿವರವನ್ನು ಡಾಕ್ಟರು ಒಂದು ವಹಿಯಲ್ಲಿ ತಿಂಗಳು ತಿಂಗಳು ಬರೆಯುತ್ತಾರೆ. ಅಂಬಲಿಯ ಸಂಗತಿ ಅದರಲ್ಲಿದೆ. ಹುಲಿಗವ್ವನ ಹೆಸರಿಲ್ಲ.

"ಹೆಸರು ತಗೊಂಡು ಏನ್ ಮಾಡ್ಲಿ? ಬೆರಳು ಮಡಚಿದಾಂವ ಬಂದ್ರ ಮೊದಲ ಬಿಸಿನೀರು ತಾಗಿಸಿ ನೋಡ್ರಿ ಅಂತ ಬರೀರಿ," ಎನ್ನುತ್ತಾಳೆ. "ಕುದಿಯೋದಲ್ಲ ಮತ್ತ."

ಹೊತ್ತು ಏರಿದಾಗ ಹುಲಿಹೈದರದ ಬಂಡಿ ಬರುತ್ತದೆ. ಪಕ್ಕೀರವ್ವ ಗಂಡನನ್ನು ತೋಳಲ್ಲಿ ಹಿಡಿದು ಇಳಿಸುತ್ತಾಳೆ. ಹುಲಿಗವ್ವ ಕೈಕಾಲಿನ ಮಾತೆತ್ತುವುದಿಲ್ಲ. ಪ್ರತಿ ತಿಂಗಳೂ ಕೇಳುವುದು ಒಂದೇ.

"ರಾತ್ರಿ ಎಲ್ಲಿ ಉಂಡಿ, ಯಣ್ಣ?"

ಗ್ಯಾನಪ್ಪನ ನಾಲಿಗೆ ಹೊರಳಲು ಹೊತ್ತು ಹಿಡಿಯುತ್ತದೆ. ಆಕೆ ಕಾಯುತ್ತಾಳೆ.

"ಮ... ನ್ಯಾಗ."

"ಹೂಂ," ಎಂದು ಹುಲಿಗವ್ವ ಬೋಗುಣಿಗೆ ಮೊಣಕೈ ಅದ್ದುತ್ತಾಳೆ.