ಸ್ಟಾಫ್ ಫೋಟೊದ ಆಚೆ

ಆ ಅಮ್ಮನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೇಲೂರಿನಲ್ಲಿ ಚಿಕ್ಕಂದಿನಿಂದ ರೇಷ್ಮೆಗೂಡು ಬೇಯುವ ನೀರಿಗೆ ಕೈಯಿಟ್ಟು ನೂಲು ಬಿಚ್ಚಿದವರು. ಚರ್ಮ ಬೆಳ್ಳಗೆ, ನುಣ್ಣಗೆ ಸವೆದುಹೋಗಿತ್ತು. ನಮ್ಮ ಪ್ರೌಢಶಾಲೆಗೆ ಬೆರಳೊತ್ತುವ ಹಾಜರಾತಿ ಯಂತ್ರ ಬಂದಾಗ ಅದು ಎಲ್ಲರನ್ನೂ ಒಪ್ಪಿತು, ಅವರನ್ನು ಮಾತ್ರ ಒಪ್ಪಲಿಲ್ಲ. "ಅದಕ್ಕೆ ನನ್ನ ಪರಿಚಯ ಇಲ್ಲ ಬಿಡಿ ಮೇಡಂ," ಎಂದು ನಕ್ಕು ಗಂಟೆ ಹೊಡೆಯಲು ಹೋದರು.

ಅವರು ಶಾಲೆಯ ಅಟೆಂಡರ್, ನಾನು ಇಂಗ್ಲಿಷ್ ಮೇಡಂ. ಇಪ್ಪತ್ತು ವರ್ಷ ಕಾರಿಡಾರ್ ಗುಡಿಸುತ್ತಾ ಕಿಟಕಿಯಾಚೆಯಿಂದಲೇ ಪಾಠ ಕೇಳಿದ್ದರು. ಜನರ ಗುಂಪುಗಳಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳೆಂದರೆ ಅವರಿಗೆ ಪ್ರಾಣ. ಕ್ರೂ ಆಫ್ ಸೈಲರ್ಸ್, ಟ್ರೂಪ್ ಆಫ್ ಡ್ಯಾನ್ಸರ್ಸ್, ಗ್ಯಾಂಗ್ ಆಫ್ ಥೀವ್ಸ್ ಎಂದು ಪೊರಕೆಯ ಲಯಕ್ಕೆ ಹೇಳಿಕೊಳ್ಳುತ್ತಿದ್ದರು. "ಕಳ್ಳರಿಗೂ ಒಂದು ಹೆಸರಿಟ್ಟವ್ರೆ ನೋಡಿ ಮೇಡಂ, ಯಾರ್ನೂ ಬಿಟ್ಟಿಲ್ಲ!"

ನಾನು ಹೊಸದಾಗಿ ಬಂದಾಗ ಎಂಟನೇ ತರಗತಿಗೆ ಅದೇ ಪಾಠ ಮಾಡುತ್ತಿದ್ದೆ. ನ್ಯಾಯಾಧೀಶರ ಗುಂಪಿಗೆ ಏನನ್ನುತ್ತಾರೆಂಬುದು ನಾಲಿಗೆಯ ತುದಿಯಲ್ಲೇ ನಿಂತುಬಿಟ್ಟಿತು. ಹೊರಗಿನಿಂದ ದನಿ ಬಂತು: "ಬೆಂಚ್ ಮೇಡಂ, ಬೆಂಚ್." ಮಕ್ಕಳು ಹೊಟ್ಟೆ ಹಿಡಿದು ನಕ್ಕರು. "ನಿಮ್ಮ ಕೆಲ್ಸ ನೀವು ನೋಡ್ಕೊಳ್ಳಮ್ಮ," ಎಂದೆ. ಅವರು ಅದನ್ನು ಅವತ್ತೇ ಮರೆತರು. ಎಂ.ಎ. ಓದಿದ ಜಂಬ ನನಗೆ, ನಾನು ಮರೆಯಲಿಲ್ಲ.

ಅವರು ನಿವೃತ್ತರಾಗುವ ತಿಂಗಳು ಸ್ಟಾಫ್ ಫೋಟೊ ತೆಗೆಸಿದೆವು. ಅದಕ್ಕೆ ಒಂದು ವಾರ ಮೊದಲೇ ನನ್ನ ಬಳಿ ಬಂದು ಕೇಳಿದ್ದರು: "ಸ್ಟಾಫ್ ಆಫ್ ಟೀಚರ್ಸ್, ಸ್ಟಾಫ್ ಆಫ್ ಸರ್ವೆಂಟ್ಸ್. ಎರಡಕ್ಕೂ ಒಂದೇ ಹೆಸ್ರಲ್ವಾ ಮೇಡಂ? ಹಂಗಾದ್ರೆ ನಾನೂ ನಿಂತ್ಕೊಳ್ಳಾ?"

"ನಿಂತ್ಕೊಳ್ಳಿ," ಎಂದಿದ್ದೆ.

ಫೋಟೊದ ದಿನ ಮಗಳ ಹಸಿರು ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದು ನನ್ನ ಪಕ್ಕವೇ ನಿಂತರು. ಬ್ಯಾಗುಗಳು ಕಾಣಬಾರದೆಂದ ಫೋಟೊದವನು. "ಸ್ವಲ್ಪ ಹಿಡ್ಕೊಳ್ಳಮ್ಮ," ಎಂದು ನನ್ನದನ್ನು ಅವರ ಕೈಗಿತ್ತೆ. ಅದನ್ನು ನೋಡಿ ಉಳಿದವರೂ ಕೊಟ್ಟರು. ಆರು ಬ್ಯಾಗು ತಬ್ಬಿಕೊಂಡು ಅವರು ಸಾಲಿನಿಂದ ಆಚೆ, ಪಕ್ಕಕ್ಕೆ ಸರಿದು ನಿಂತರು. ಗೊತ್ತಿಲ್ಲದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ವಾಪಸ್ ಬರುತ್ತಾರೇನೋ ಎಂಬ ಅಳುಕಿನಿಂದ ಅವರನ್ನೇ ನೋಡುತ್ತಾ ನಿಂತೆ. ಬರಲಿಲ್ಲ. ಫೋಟೊ ಆದ ಮೇಲೆ ಯಾವ ಬ್ಯಾಗು ಯಾರದೆಂದು ತಪ್ಪದೆ ಹಿಂದಿರುಗಿಸಿದರು.

ಕಳೆದ ವರ್ಷ ಅವರು ತೀರಿಕೊಂಡರು. ಮಗಳನ್ನು ಮಾತನಾಡಿಸಿ ಬರಲು ಮೇಲೂರಿಗೆ ಹೋದೆ. ಗೋಡೆಯ ಮೇಲೆ ಅದೇ ಫೋಟೊ. ಎಲ್ಲರ ನೋಟವೂ ನೇರಕ್ಕಿದೆ, ನನ್ನದು ಮಾತ್ರ ಪಕ್ಕಕ್ಕೆ.

ಮಗಳು ಕಾಫಿ ತಂದಿಟ್ಟಳು. "ನೀವೇ ಅಲ್ವಾ ಇಂಗ್ಲಿಷ್ ಮೇಡಂ? ಅಮ್ಮ ಬಂದೋರಿಗೆಲ್ಲ ತೋರಿಸೋರು. 'ಈ ಮೇಡಂ ನೋಡ್ತಾವ್ರಲ್ಲ, ಅಲ್ಲೇ ಇದ್ದೆ ನಾನು. ಎಲ್ರೂ ಕ್ಯಾಮೆರಾ ನೋಡಿದ್ರು, ಅವ್ರೊಬ್ರೇ ನನ್ನ ನೋಡಿದ್ದು' ಅನ್ನೋರು."

ಇಲ್ಲಮ್ಮ, ನಿಮ್ಮಮ್ಮನನ್ನು ಆಚೆ ನಿಲ್ಲಿಸಿದವಳೇ ನಾನು ಎನ್ನಬೇಕಿತ್ತು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.